‘ಅಜ್ಜಿಯ ಪವಾಡಗಳು’ ಬರೆದವರಿಗೆ

ಪ್ರಿಯ ಲೇಖಕಿಯವರಿಗೆ, ವಂದನೆಗಳು.

ನೀವು ಕಳುಹಿಸಿದ ‘ಅಜ್ಜಿಯ ಪವಾಡಗಳು’ ಪ್ರಬಂಧವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಹಾಗೆಂದು ಎರಡು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲೂ ಮನಸ್ಸು ಬಾರದು. ಗಣಪತಿ ಹಾಲು ಕುಡಿದದ್ದು, ಬೆಂಗಳೂರಿನ ಗವಿಪುರದ ಗುಹಾದೇವಾಲಯದ ಸಂಕ್ರಾಂತಿಯ ಬಿಸಿಲು, ಕಳೆದುಹೋದ ಕಿವಿಯೋಲೆ ಮರಳಿ ಸಿಕ್ಕಿದ್ದು, ಹೀಗೆ ಮೂರು ಪ್ರಸಂಗಗಳನ್ನು ಹೇಳಿ, ಪ್ರತಿಯೊಂದರ ಕೊನೆಯಲ್ಲೂ ‘ವಿಜ್ಞಾನದ ಬಳಿ ಇದಕ್ಕೆ ಉತ್ತರವಿಲ್ಲ’ ಎಂದು ಬರೆದಿದ್ದೀರಿ. ನನ್ನ ತಕರಾರು ಮುಖ್ಯವಾಗಿ ಆ ವಾಕ್ಯದ ಬಗ್ಗೆ.

ಗಣಪತಿ ವಿಗ್ರಹಗಳು ಹಾಲು ಕುಡಿಯುತ್ತಿವೆಯೆಂದು ಸುದ್ದಿಯಾದ 1995ರ ಸೆಪ್ಟೆಂಬರ್ 21ರ ಘಟನೆಗೆ ಉತ್ತರ ಆಗಲೇ ಸಿಕ್ಕಿತ್ತು. ದೆಹಲಿಯಲ್ಲಿ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ವಿಗ್ರಹಕ್ಕೆ ಹಿಡಿದು ನೋಡಿದರು. ತುಂಬಿದ ಚಮಚದ ಅಂಚು ಕಲ್ಲಿಗೆ ತಾಗಿದೊಡನೆ ಮೇಲ್ಮೈ ಸೆಳೆತದಿಂದ ಹಾಲು ಹೊರಕ್ಕೆ ಬರುತ್ತದೆ, ಬಂದದ್ದು ತೆಳುವಾದ ಪೊರೆಯಂತೆ ಕಲ್ಲಿನ ಮೈಮೇಲೆ ಇಳಿದುಹೋಗುತ್ತದೆ. ಬಿಳಿಯ ಅಮೃತಶಿಲೆಯ ಮೇಲೆ ಬಿಳಿಯ ಹಾಲು ಕಣ್ಣಿಗೆ ಬೀಳದೆ ಇದ್ದದ್ದು ಬಣ್ಣ ಬೆರೆತಾಗ ಕಂಡಿತು. ಇದನ್ನು ಮುಚ್ಚಿಟ್ಟು ಬರೆದರೆ ಓದುಗ ನಿಮ್ಮ ಉಳಿದ ಮಾತುಗಳನ್ನೂ ನಂಬುವುದಿಲ್ಲ. (ಅಂದು ನಾನೂ ಲೋಟ ಹಿಡಿದು ಸಾಲಿನಲ್ಲಿ ನಿಂತವನೇ, ಆದ್ದರಿಂದ ಇದನ್ನು ಅಪಹಾಸ್ಯವೆಂದು ಭಾವಿಸಬೇಡಿ.) ಬೆಳಗಿನ ಜಾವ ದೆಹಲಿಯಲ್ಲಿ ಹುಟ್ಟಿದ ಸುದ್ದಿ, ಮೊಬೈಲು ಇನ್ನೂ ಜನಸಾಮಾನ್ಯರ ಕೈಗೆ ಬಾರದ ಆ ಕಾಲದಲ್ಲಿ, ಸಂಜೆಯೊಳಗೆ ಲಂಡನ್ನಿನ ದೇವಸ್ಥಾನಗಳವರೆಗೆ ಹೋಗಿತ್ತು. ಮೊಣಕಾಲು ನೋವಿನಿಂದ ಹಿತ್ತಲಿಗೂ ಹೋಗಲಾರದ ನಿಮ್ಮ ಅಜ್ಜಿ ಅಂದು ಮೂರು ತಾಸು ನಿಂತರೆಂದು ನೀವೇ ಬರೆದಿದ್ದೀರಿ, ಆದರೆ ಅರ್ಧ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ನನಗೆ ಬೇಕಾದದ್ದು ಆ ಮೂರು ತಾಸು. ಸಾಲಿನಲ್ಲಿ ಅಕ್ಕಪಕ್ಕ ಯಾರಿದ್ದರು, ಸೆರಗಿನಡಿ ಹಿಡಿದ ಲೋಟದ ಹಾಲು ಎಷ್ಟು ತುಳುಕಿತು, ಮನೆಗೆ ಬಂದು ಅವರು ಮೊದಲು ಆಡಿದ ಮಾತೇನು?

ಗವಿ ಗಂಗಾಧರೇಶ್ವರನ ಪ್ರಸಂಗದಲ್ಲೂ ಇದೇ ಅವಸರ. ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣ ನಂದಿಯ ಕೊಂಬುಗಳ ನಡುವೆ ಹಾದು ಗವಿಯೊಳಗಿನ ಲಿಂಗವನ್ನು ಮುಟ್ಟುವುದು ‘ವರ್ಷಕ್ಕೊಮ್ಮೆ ಮಾತ್ರ’ ಎಂದಿದ್ದೀರಿ. ದಕ್ಷಿಣಕ್ಕೆ ಸರಿದ ಸೂರ್ಯ ಡಿಸೆಂಬರ್ 21ರ ಸುಮಾರಿಗೆ ತಿರುಗಿ, ಇಳಿದ ದಾರಿಯಲ್ಲೇ ಮತ್ತೆ ಏರುವುದರಿಂದ, ಆ ದಿನದಿಂದ ಸಂಕ್ರಾಂತಿಗೆ ಎಷ್ಟು ದಿನವೋ ಹಿಂದಕ್ಕೂ ಅಷ್ಟೇ ದಿನ ಎಣಿಸಿದರೆ, ನವೆಂಬರ್ ಕೊನೆಯ ಸುಮಾರಿಗೂ ಅದೇ ಬಿಸಿಲು ಅದೇ ದಾರಿಯಲ್ಲಿ ಬರಬೇಕು, ಬರುತ್ತದೆ ಕೂಡ. ಆಗ ಜನಜಂಗುಳಿ ಇರುವುದಿಲ್ಲ, ಕ್ಯಾಮೆರಾಗಳೂ ಇರುವುದಿಲ್ಲ. ಒಮ್ಮೆ ಆ ದಿನಗಳಲ್ಲಿ ಹೋಗಿ ಕುಳಿತು ನೋಡಿ ಬನ್ನಿ. ಲೆಕ್ಕ ಗೊತ್ತಿದ್ದೂ ಮೈ ನವಿರೇಳುತ್ತದೆಯೇ ಇಲ್ಲವೇ ಎಂಬುದನ್ನು ಪ್ರಾಮಾಣಿಕವಾಗಿ ಬರೆಯಿರಿ. ಏಳದಿದ್ದರೆ ಅದನ್ನೂ ಬರೆಯಿರಿ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಅಗೋಚರ ಶಕ್ತಿ’, ‘ದಿವ್ಯ ಅನುಭೂತಿ’ಗಳನ್ನು ಹೊಡೆದುಹಾಕಿ, ‘ಪವಾಡ’ ಶೀರ್ಷಿಕೆಯಲ್ಲಿ ಒಮ್ಮೆ ಬಂದರೆ ಸಾಕು.

ಮೂರನೆಯ ಪ್ರಸಂಗವೇ ನಿಮ್ಮ ಪ್ರಬಂಧ. ಓಲೆ ಕಳೆದ ರಾತ್ರಿ ಅಜ್ಜಿ ಅರಿಶಿನದ ಬಟ್ಟೆಯಲ್ಲಿ ಒಂದೂಕಾಲು ರೂಪಾಯಿ ಮುಡಿಪು ಕಟ್ಟಿ ಧರ್ಮಸ್ಥಳದ ಮಂಜುನಾಥನಿಗೆ ಹರಸಿಕೊಂಡರು, ಮೂರನೆಯ ದಿನ ಓಲೆ ರಾಗಿಹಿಟ್ಟಿನ ಡಬ್ಬದಲ್ಲಿ ಸಿಕ್ಕಿತು. ಹಿಟ್ಟು ತೆಗೆಯುವಾಗ ಕಳಚಿ ಬಿದ್ದಿರಬಹುದು ಎಂದು ಯಾರು ಬೇಕಾದರೂ ಹೇಳಬಲ್ಲರು. ಅಜ್ಜಿಗೂ ಅದು ಹೊಳೆಯದೆ ಇರಲಿಲ್ಲ, ‘ಡಬ್ಬಕ್ಕೆ ಬಿದ್ದದ್ದು ನನ್ನ ಕೈಯಿಂದ, ಸಿಕ್ಕಿದ್ದು ಅವನ ಕೈಯಿಂದ’ ಎಂದು ಅವರಾಡಿದ ಮಾತನ್ನು ನೀವು ದಾಖಲಿಸಿದ್ದೀರಿ. ಇಂಥ ಮಾತು ಬಂದ ಮೇಲೂ ವಿಜ್ಞಾನವನ್ನು ಸಾಕ್ಷಿಕಟ್ಟೆಗೆ ಎಳೆದು ತಂದದ್ದೇಕೆ? ಮುಡಿಪನ್ನು ಇನ್ನೂ ಧರ್ಮಸ್ಥಳಕ್ಕೆ ಮುಟ್ಟಿಸಿಲ್ಲವೆಂದು ಆವರಣ ಚಿಹ್ನೆಯೊಳಗೆ ಸೇರಿಸಿದ್ದೀರಿ. ಆವರಣವನ್ನು ತೆಗೆದು ಅಲ್ಲಿಂದಲೇ ಆರಂಭಿಸಿ, ಆರು ಪುಟ ಮೀರದಂತೆ ಬರೆದು ಕಳುಹಿಸಿ.

ಅಂದಹಾಗೆ, ಅಜ್ಜಿ ತೀರಿಕೊಂಡ ಮೇಲೆ ಆ ಮುಡಿಪು ಯಾರ ಬಳಿ ಇದೆ?

ಇತಿ,
ಸಂಪಾದಕ