ವಿದ್ಯುತ್ ಸ್ಥಾವರದ ಮೇಲೆ ಬಾಂಬ್ ಬಿದ್ದಾಗ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯ ಲೇಖನದಲ್ಲಿದ್ದ "ವಿದ್ಯುತ್ ಸ್ಥಾವರ, ಸೇತುವೆ, ನೀರು ಸರಬರಾಜು ಘಟಕಗಳ ಮೇಲಿನ ದಾಳಿಯನ್ನು ಅಂತರರಾಷ್ಟ್ರೀಯ ಕಾನೂನು ಸಂಪೂರ್ಣವಾಗಿ ನಿಷೇಧಿಸಿದೆ" ಎಂಬ ವಾಕ್ಯವನ್ನು ಎತ್ತಿಕೊಂಡು ತಾವು ಬರೆದ ಪತ್ರ ತಲುಪಿದೆ. ಒಂದೇ ತಂತಿಯಲ್ಲಿ ಆಸ್ಪತ್ರೆಗೂ ಸೇನಾ ನೆಲೆಗೂ ವಿದ್ಯುತ್ ಹರಿಯುವಾಗ ಆ ಸ್ಥಾವರವನ್ನು ನಾಗರಿಕರದ್ದೆಂದು ಕರೆಯುವುದು ಹೇಗೆ, ಎದುರಾಳಿ ನಿಯಮ ಮುರಿದ ಮೇಲೆ ನಾವೊಬ್ಬರೇ ಏಕೆ ಪಾಲಿಸಬೇಕು, ಇಷ್ಟಕ್ಕೂ ಇದಕ್ಕಾಗಿ ಶಿಕ್ಷೆಯಾದವರು ಯಾರಿದ್ದಾರೆ ಎಂದು ಕೇಳಿದ್ದೀರಿ. ಅಣೆಕಟ್ಟುಗಳ ಮೇಲೆ ಬಳಿಯುವ ಕಿತ್ತಳೆ ಬಣ್ಣದ ಗುರುತಿನ ಬಗೆಗೂ ಕೊನೆಯಲ್ಲಿ ಒಂದು ಪ್ರಶ್ನೆಯಿದೆ.

ಮೊದಲಿಗೆ ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಆ ವಾಕ್ಯ ಸರಿಯಲ್ಲ. ಲೇಖಕರು ಹಸ್ತಪ್ರತಿಯಲ್ಲಿ "ಸಾಮಾನ್ಯವಾಗಿ" ಎಂದೇ ಬರೆದಿದ್ದರು. ವಾಕ್ಯ ಬಿಗಿಯಾಗಲೆಂದು ಅದನ್ನು ಹೊಡೆದು "ಸಂಪೂರ್ಣವಾಗಿ" ಎಂದು ತಿದ್ದಿದವನು ನಾನು. ಆ ಒಂದು ಪದದಿಂದ ಕಾನೂನು ಹೇಳದ ಮಾತನ್ನು ಅದರ ಬಾಯಿಗೆ ತುರುಕಿದಂತಾಯಿತು.

ಕಾನೂನು ನಿಜವಾಗಿ ಹೇಳುವುದೇನು? ಯುದ್ಧದಲ್ಲಿ ಸಿಕ್ಕಿಬಿದ್ದವರನ್ನು ರಕ್ಷಿಸುವ 1949ರ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲನೆಯ ಹೆಚ್ಚುವರಿ ಪ್ರೋಟೋಕಾಲಿನ (ಪೂರಕ ಒಪ್ಪಂದದ) 52ನೆಯ ವಿಧಿ ಈ ಚರ್ಚೆಗೆ ತಳಹದಿ. ನಾಗರಿಕ ಆಸ್ತಿ ಯಾವುದೆಂದು ಅದು ಪಟ್ಟಿ ಮಾಡುವುದಿಲ್ಲ; ಸೇನಾ ಗುರಿ ಯಾವುದೆಂದು ಹೇಳಿ, ಮಿಕ್ಕದ್ದೆಲ್ಲವೂ ನಾಗರಿಕರದ್ದು ಎನ್ನುತ್ತದೆ. ಒಂದು ವಸ್ತು ಸೇನಾ ಗುರಿಯಾಗಬೇಕಾದರೆ, ಅದರ ಸ್ವರೂಪ, ಅದಿರುವ ಜಾಗ, ಅದರ ಉದ್ದೇಶ ಅಥವಾ ಬಳಕೆಯಿಂದ ಯುದ್ಧಕಾರ್ಯಕ್ಕೆ ಪರಿಣಾಮಕಾರಿ ನೆರವು ಸಿಗುತ್ತಿರಬೇಕು. ಜೊತೆಗೆ, ಅದನ್ನು ಕೆಡವುವುದರಿಂದ "ಆ ಹೊತ್ತಿನ ಸಂದರ್ಭದಲ್ಲಿ" ನಿಶ್ಚಿತವಾದ ಸೈನಿಕ ಲಾಭ ದೊರೆಯಬೇಕು. ಎರಡೂ ಷರತ್ತುಗಳು ಕೂಡಿಬರಬೇಕು. ಮುಂದೆಂದೋ ಶತ್ರುವಿಗೆ ಉಪಯೋಗವಾದೀತು ಎಂಬ ಊಹೆಯಾಗಲಿ, ಜನ ಕಂಗೆಟ್ಟು ತಮ್ಮ ಸರ್ಕಾರದ ಮೇಲೆ ಒತ್ತಡ ಹಾಕಿಯಾರು ಎಂಬ ಲೆಕ್ಕಾಚಾರವಾಗಲಿ ಈ ಅಳತೆಗೆ ಸಾಲದು. ಶಾಲೆ, ಮನೆ, ಪೂಜಾಸ್ಥಳಗಳಂಥವುಗಳ ವಿಷಯದಲ್ಲಿ ಸಂದೇಹ ಬಂದರೆ ಅವು ನಾಗರಿಕ ಬಳಕೆಯಲ್ಲೇ ಇವೆಯೆಂದು ಭಾವಿಸಬೇಕು.

ಹಾಗಾಗಿ ತಮ್ಮ ಮೊದಲ ಪ್ರಶ್ನೆಗೆ ಪ್ರತಿ ಸ್ಥಾವರವನ್ನೂ ಬೇರೆ ಬೇರೆಯಾಗಿ ನೋಡಿಯೇ ಉತ್ತರ ಹೇಳಬೇಕಾಗುತ್ತದೆ. ಎರಿಟ್ರಿಯಾ ಮತ್ತು ಇಥಿಯೋಪಿಯಾಗಳ ನಡುವೆ 1998ರಿಂದ 2000ದವರೆಗೆ ನಡೆದ ಯುದ್ಧದ ನಂತರ ಪರಿಹಾರದ ದಾವೆಗಳನ್ನು ತೀರ್ಮಾನಿಸಲು ರಚಿಸಿದ ಆಯೋಗದ ಮುಂದೆ ಎರಡು ಬಾಂಬ್ ದಾಳಿಗಳ ದೂರು ಬಂತು, ಎರಡೂ ಎರಿಟ್ರಿಯಾದ್ದು. ಒಂದು, ಮಸ್ಸಾವಾ ಬಂದರಿನ ಬಳಿಯ ಹಿರ್ಗಿಗೋ ವಿದ್ಯುತ್ ಸ್ಥಾವರ. 2000ದ ಮೇ ತಿಂಗಳಲ್ಲಿ ಇಥಿಯೋಪಿಯಾದ ವಿಮಾನಗಳು ಬಾಂಬ್ ಹಾಕಿದಾಗ ಅದು ಇನ್ನೂ ಪೂರ್ಣಪ್ರಮಾಣದಲ್ಲಿ ಉತ್ಪಾದನೆಗೆ ಇಳಿದಿರಲಿಲ್ಲ. ಬಂದರು ಮತ್ತು ನೌಕಾನೆಲೆಗೆ ವಿದ್ಯುತ್ ಕೊಡಲಿರುವ ಸ್ಥಾವರವಾದ್ದರಿಂದ ಅದು ಸೇನಾ ಗುರಿಯೇ ಎಂದು 2005ರಲ್ಲಿ ಆಯೋಗದ ಬಹುಮತ ತೀರ್ಮಾನಿಸಿತು. ಅಧ್ಯಕ್ಷರು ಒಪ್ಪದೆ ಪ್ರತ್ಯೇಕ ಅಭಿಪ್ರಾಯ ಬರೆದರು. ಇನ್ನೊಂದು, ಅಸ್ಸಾಬ್ ಪಟ್ಟಣಕ್ಕೆ ಕುಡಿಯುವ ನೀರು ಒದಗಿಸುತ್ತಿದ್ದ ಹರ್ಸಿಲೆ ಜಲಾಗಾರ. ಜನರ ಬದುಕಿಗೆ ಅನಿವಾರ್ಯವಾದ ನೀರಿನ ವ್ಯವಸ್ಥೆಯ ಮೇಲೆ ಆ ನೀರನ್ನು ತಪ್ಪಿಸುವ ಉದ್ದೇಶದಿಂದಲೇ ದಾಳಿ ಮಾಡುವುದು, 1999ರ ಹೊತ್ತಿಗಾಗಲೇ ರೂಢಿಗತ ಕಾನೂನಾಗಿ (ದೇಶಗಳ ನಡವಳಿಕೆಯಿಂದ ನೆಲೆಗೊಂಡ ಕಾನೂನಾಗಿ) ಎಲ್ಲರಿಗೂ ನಿಷಿದ್ಧವಾಗಿತ್ತು ಎಂದ ಆಯೋಗ ಇಥಿಯೋಪಿಯಾವನ್ನು ಹೊಣೆಗಾರನನ್ನಾಗಿಸಿತು.

ಯುದ್ಧ ಅದೇ, ವಾಯುಪಡೆ ಅದೇ, ತೀರ್ಪು ಕೊಟ್ಟವರೂ ಅವರೇ. ಆದರೂ ಒಂದು ದಾಳಿ ನ್ಯಾಯಬದ್ಧವಾಯಿತು, ಇನ್ನೊಂದು ಅಕ್ರಮವಾಯಿತು. ನನಗೆ ಕೇಳುವುದಾದರೆ ಹಿರ್ಗಿಗೋ ವಿಷಯದಲ್ಲಿ ಬಹುಮತದವರ ಕೈ ಸಡಿಲವಾಯಿತು. ಮುಂದೆ ಕೊಡಲಿರುವ ವಿದ್ಯುತ್ತಿನಿಂದ "ಆ ಹೊತ್ತಿನ" ಲಾಭವನ್ನು ಹೇಗೆ ಎಣಿಸಿದರೋ, ಆ ಕೊಂಡಿ ನನಗೆ ಸಿಕ್ಕಿಲ್ಲ.

ಸೇನಾ ಗುರಿ ಎಂದು ಸಾಬೀತಾದ ಮಾತ್ರಕ್ಕೆ ಬಾಂಬ್ ಹಾಕಲು ರಹದಾರಿ ಸಿಕ್ಕಿತೆಂದು ಅರ್ಥವಲ್ಲ. ತಮ್ಮ ಪತ್ರ ಈ ಮೆಟ್ಟಿಲನ್ನು ದಾಟಿ ಹೋಗಿದೆ, ನಮ್ಮ ಲೇಖನವೂ ದಾಟಿ ಹೋಗಿತ್ತು. ನಿರೀಕ್ಷಿತ ಸೈನಿಕ ಲಾಭಕ್ಕೆ ಹೋಲಿಸಿದರೆ ನಾಗರಿಕರಿಗೆ ಆಗಬಹುದಾದ ಹಾನಿ ಮಿತಿಮೀರುವಂತಿದ್ದರೆ ದಾಳಿ ಮಾಡಕೂಡದು ಎಂದು 51ನೆಯ ವಿಧಿ ಹೇಳುತ್ತದೆ. ಆ ಹಾನಿಯನ್ನು ಆದಷ್ಟು ತಗ್ಗಿಸುವ ಆಯುಧ ಮತ್ತು ವಿಧಾನವನ್ನೇ ಆರಿಸಬೇಕೆಂದು 57ನೆಯ ವಿಧಿ ಹೇಳುತ್ತದೆ. ಹಾನಿ ಎಂದರೆ ಸ್ಥಾವರದ ಆವರಣದೊಳಗೆ ಸತ್ತವರ ಲೆಕ್ಕ ಮಾತ್ರವೇ, ಅಥವಾ ಮರುದಿನ, ಮರುವಾರ, ಮರುತಿಂಗಳು ಆಗುವುದೂ ಸೇರಿದೆಯೇ ಎಂಬಲ್ಲಿ ವಾದ ಬಿಸಿಯೇರುತ್ತದೆ.

ವಿದ್ಯುತ್ ಹೋದರೆ ದೀಪ ಆರುವುದು ಕಡಿಮೆ ಕಷ್ಟದ ಸಂಗತಿ. ನೀರೆತ್ತುವ ಪಂಪುಗಳು ನಿಲ್ಲುತ್ತವೆ. ಕೊಳವೆಗಳಲ್ಲಿ ಒತ್ತಡ ಇಳಿದೊಡನೆ ಅಕ್ಕಪಕ್ಕದ ಕೊಳಚೆ ಬಿರುಕುಗಳ ಮೂಲಕ ಒಳಸೇರುತ್ತದೆ. ಚರಂಡಿ ನೀರನ್ನು ಶುದ್ಧೀಕರಿಸುವ ಘಟಕ ನಿಂತು ಆ ನೀರು ಹಾಗೆಯೇ ನದಿಗೆ ಹರಿಯುತ್ತದೆ. ಲಸಿಕೆ ಇಟ್ಟ ಶೀತಕಪೆಟ್ಟಿಗೆ ಬೆಚ್ಚಗಾಗುತ್ತದೆ. ಇವೆಲ್ಲ 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕ ನೇತೃತ್ವದ ಪಡೆಗಳು ಬಾಂಬ್ ಹಾಕಿದ ಮೇಲೆ ಇರಾಕಿನಲ್ಲಿ ನಡೆದುಹೋದವು. ಯುದ್ಧ ನಿಂತ ಕೆಲವೇ ವಾರಗಳಲ್ಲಿ ಅಲ್ಲಿಗೆ ಹೋಗಿಬಂದ ಮಾರ್ತಿ ಅಹ್ತಿಸಾರಿ ನೇತೃತ್ವದ ವಿಶ್ವಸಂಸ್ಥೆಯ ತಂಡ, ಸಾಕಷ್ಟು ನಗರೀಕರಣಗೊಂಡಿದ್ದ ಸಮಾಜವೊಂದು ಕೈಗಾರಿಕಾಪೂರ್ವ ಕಾಲಕ್ಕೆ ಮರಳಿದೆ ಎಂದು ವರದಿ ಮಾಡಿತು. ಆ ದಾಳಿಯ ಒಂದು ವಿವರ ನನ್ನನ್ನು ಇಂದಿಗೂ ಕಾಡುತ್ತದೆ. ಸ್ಥಾವರಗಳ ಹೊರಗೆ ವಿದ್ಯುತ್ತನ್ನು ತಂತಿಜಾಲಕ್ಕೆ ಹಾಯಿಸುವ ಸ್ವಿಚ್‌ಯಾರ್ಡುಗಳಿಗೆ ಹೊಡೆದು, ವಿದ್ಯುತ್ ಉತ್ಪಾದಿಸುವ ಯಂತ್ರಗಳಿರುವ ಸಭಾಂಗಣಗಳನ್ನು ಬಿಟ್ಟರೆ ಯುದ್ಧಾನಂತರ ಬೇಗ ದುರಸ್ತಿ ಮಾಡಬಹುದೆಂದು ಯೋಜಕರು ಮೊದಲೇ ಎಣಿಸಿದ್ದರು. ಆದರೆ ಬಾಂಬುಗಳು ಯಂತ್ರಗಳ ಮೇಲೂ ಬಿದ್ದವು. ತಂತಿ, ಬ್ರೇಕರ್‌ಗಳನ್ನು ವಾರಗಳಲ್ಲಿ ಬದಲಿಸಬಹುದು. ಟರ್ಬೈನ್ ಅಥವಾ ದೊಡ್ಡ ಟ್ರಾನ್ಸ್‌ಫಾರ್ಮರ್ ಅಂಗಡಿಯಲ್ಲಿ ಸಿಗುವ ಸರಕಲ್ಲ. ಅಳತೆ ಕೊಟ್ಟು ಮಾಡಿಸಬೇಕು, ಅದಕ್ಕೆ ವರ್ಷವೇ ಹಿಡಿಯಬಹುದು. ನಾಲ್ಕುನೂರು ಅಡಿ ಆಚೆಗೋ ಈಚೆಗೋ ಎಂಬ ಆಯ್ಕೆಯಲ್ಲಿ ಒಂದು ನಗರದ ಇಡೀ ವರ್ಷ ಅಡಗಿರುತ್ತದೆ.

ಎಂಟು ವರ್ಷಗಳ ನಂತರ ನ್ಯಾಟೋ ಪಡೆಗಳು ಸರ್ಬಿಯಾದ ವಿದ್ಯುತ್ ಜಾಲದ ಮೇಲೆ ಮೊದಲು ಪ್ರಯೋಗಿಸಿದ್ದು ಗ್ರಾಫೈಟ್ ಎಳೆಗಳನ್ನು ಚೆಲ್ಲಿ ಶಾರ್ಟ್ ಸರ್ಕ್ಯೂಟ್ ಮಾಡುವ ಬಾಂಬುಗಳನ್ನು. ಕತ್ತಲೆ ಕವಿಯಿತು, ಬೇಗನೆ ವಿದ್ಯುತ್ ಮರಳಿತು. ಅದೇ ತಿಂಗಳು ಅವು ಮಾಮೂಲು ಬಾಂಬುಗಳೊಂದಿಗೆ ಮತ್ತೆ ಬಂದವು ಎಂಬುದನ್ನೂ ಹೇಳದಿದ್ದರೆ ಕಥೆ ಅರ್ಧವಾದೀತು.

ಕೆಲವು ವಸ್ತುಗಳಿಗೆ ಲಾಭ-ಹಾನಿ ತೂಗುವ ಈ ತಕ್ಕಡಿಗಿಂತ ಬಿಗಿಯಾದ ರಕ್ಷಣೆಯಿದೆ. ಆಹಾರ, ಬೆಳೆ, ಜಾನುವಾರು, ಕುಡಿಯುವ ನೀರಿನ ಘಟಕ, ನೀರಾವರಿ ಕಾಮಗಾರಿಗಳನ್ನು 54ನೆಯ ವಿಧಿ ಹೆಸರಿಸಿ ಹೇಳುತ್ತದೆ. ಅಣೆಕಟ್ಟು, ಒಡ್ಡು, ಅಣು ವಿದ್ಯುತ್ ಸ್ಥಾವರಗಳಿಗಾಗಿಯೇ 56ನೆಯ ವಿಧಿ ಇದೆ: ಅವು ಸೇನಾ ಗುರಿಗಳಾಗಿದ್ದರೂ, ಒಳಗಿನ ಅಪಾಯಕಾರಿ ಶಕ್ತಿ ಹೊರಬಿದ್ದು ಜನರಿಗೆ ಭಾರೀ ಸಾವುನೋವಾಗುವಂತಿದ್ದರೆ ಮುಟ್ಟಬಾರದು. ಅಪವಾದಗಳಿವೆ, ಆದರೆ ಅವುಗಳ ಬಾಗಿಲು ಬಹಳ ಕಿರಿದು. ಈ ವಿಧಿಯ ಹಿಂದೆ 1943ರ ಮೇ ತಿಂಗಳ ನೆರಳಿದೆ. ಆಗ ಬ್ರಿಟಿಷ್ ವಿಮಾನಗಳು ಜರ್ಮನಿಯ ಮೋನೆ ಅಣೆಕಟ್ಟನ್ನು ಒಡೆದಾಗ ನೀರಿನಲ್ಲಿ ಕೊಚ್ಚಿಹೋದ ಸಾವಿರಕ್ಕೂ ಹೆಚ್ಚು ಜನರಲ್ಲಿ ಬಹಳಷ್ಟು ಮಂದಿ ಜರ್ಮನರು ಬಲವಂತವಾಗಿ ಹಿಡಿತಂದು ದುಡಿಸುತ್ತಿದ್ದ ವಿದೇಶಿ ಕೂಲಿಗಳು. 2023ರ ಜೂನ್ 6ರಂದು ಉಕ್ರೇನಿನ ಕಖೋವ್ಕಾ ಅಣೆಕಟ್ಟು ಒಡೆದಾಗ ಕೆಳಗಿನ ಊರುಗಳು ಮುಳುಗಿದವು, ಮೇಲಿನ ಜಲಾಶಯ ಬರಿದಾಗಿ ಕಾಲುವೆಗಳು ಒಣಗಿದವು.

ಹೊಣೆ ದಾಳಿಕೋರನದ್ದು ಮಾತ್ರವಲ್ಲ. ತನ್ನ ಸೇನಾ ನೆಲೆಗಳನ್ನು ಜನವಸತಿಯಿಂದ ಆದಷ್ಟು ದೂರ ಇಡುವುದು ರಕ್ಷಣೆಗೆ ನಿಂತವನ ಕರ್ತವ್ಯ ಎಂದು 58ನೆಯ ವಿಧಿ ಹೇಳುತ್ತದೆ. ಪಂಪ್‌ಹೌಸಿನ ಅಂಗಳದಲ್ಲಿ ಫಿರಂಗಿ ನಿಲ್ಲಿಸಿ ಆಮೇಲೆ ಪಂಪ್‌ಹೌಸ್ ಹೋಯಿತೆಂದು ಗೋಳಾಡುವವನ ಮಾತಿಗೆ ಬೆಲೆ ಕಡಿಮೆ. ಆದರೆ ಅವನ ತಪ್ಪಿನಿಂದ ಆ ನೀರು ಕುಡಿಯುವವರ ರಕ್ಷಣೆ ಇಲ್ಲವಾಗುವುದಿಲ್ಲ. ದಾಳಿಕೋರ ಆಗಲೂ ತಕ್ಕಡಿ ಹಿಡಿಯಲೇಬೇಕು.

ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ವ್ಯಾಪಾರದ ಕರಾರಿನಲ್ಲಿ ಒಬ್ಬ ತಪ್ಪಿದರೆ ಇನ್ನೊಬ್ಬ ಬಿಡುಗಡೆ ಪಡೆಯಬಹುದು. ಮಾನವೀಯ ಸ್ವರೂಪದ ಒಪ್ಪಂದಗಳಲ್ಲಿ ವ್ಯಕ್ತಿಗಳಿಗೆ ಕೊಟ್ಟ ರಕ್ಷಣೆಗೆ ಆ ನಿಯಮ ಅನ್ವಯಿಸದು ಎಂದು ಒಪ್ಪಂದಗಳ ಕುರಿತ 1969ರ ವಿಯೆನ್ನಾ ಒಡಂಬಡಿಕೆ ಸ್ಪಷ್ಟವಾಗಿ ಹೇಳಿದೆ. ನಾಗರಿಕ ಆಸ್ತಿಗಳ ಮೇಲೆ ಪ್ರತೀಕಾರದ ದಾಳಿಯನ್ನು 1977ರ ಪ್ರೋಟೋಕಾಲ್ ನಿಷೇಧಿಸಿದೆ. ಭಾರತ, ಪಾಕಿಸ್ತಾನ, ಅಮೆರಿಕ ಆ ಪ್ರೋಟೋಕಾಲನ್ನು ಅನುಮೋದಿಸಿಲ್ಲ ಎಂಬ ತಮ್ಮ ಟಿಪ್ಪಣಿ ಸರಿಯಾಗಿದೆ. ಆದರೂ ನಾಗರಿಕ ಆಸ್ತಿ ಮತ್ತು ಸೇನಾ ಗುರಿಯ ನಡುವಣ ಭೇದ, ಹಾನಿಯ ಮಿತಿ, ಮುನ್ನೆಚ್ಚರಿಕೆ ಈ ಮೂರೂ ರೂಢಿಗತ ಕಾನೂನಾಗಿರುವುದರಿಂದ ಅನುಮೋದಿಸದವರೂ ಅವಕ್ಕೆ ಬದ್ಧರು. ಅಷ್ಟೇ ಅಲ್ಲ, ಭಾರತ ಮತ್ತು ಪಾಕಿಸ್ತಾನ ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡಬಾರದೆಂದು 1988ರ ಡಿಸೆಂಬರ್ 31ರಂದು ತಾವೇ ಒಪ್ಪಂದ ಮಾಡಿಕೊಂಡು, 1992ರಿಂದ ಪ್ರತಿ ಜನವರಿ 1ರಂದು ಆ ಸ್ಥಾವರಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತ ಬಂದಿವೆ. ಸಂಬಂಧ ಎಷ್ಟೇ ಕೆಟ್ಟ ವರ್ಷದಲ್ಲೂ ಆ ಲಕೋಟೆಗಳು ಕೈಬದಲಾಗಿವೆ.

ಶಿಕ್ಷೆಯ ವಿಷಯದಲ್ಲಿ ತಮ್ಮ ಕಹಿಯನ್ನು ನಾನು ಅಲ್ಲಗಳೆಯಲಾರೆ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಶಾಸನದಲ್ಲಿ ಹಾನಿ "ಸ್ಪಷ್ಟವಾಗಿ" ಮಿತಿಮೀರಿರಬೇಕು ಎಂಬ ಪದ ಸೇರಿಸಿ ಮೆಟ್ಟಿಲನ್ನು ಇನ್ನೂ ಎತ್ತರಿಸಲಾಗಿದೆ. ಅದೂ ಆಜ್ಞೆ ಕೊಟ್ಟವನಿಗೆ ಆ ಕ್ಷಣದಲ್ಲಿ ಗೊತ್ತಿದ್ದುದರ ಆಧಾರದ ಮೇಲೆ ಅಳೆಯಬೇಕು. ಆದರೂ 2024ರ ಮಾರ್ಚ್ 5ರಂದು ಆ ನ್ಯಾಯಾಲಯ ರಷ್ಯಾದ ಸೇನಾಧಿಕಾರಿಗಳಾದ ಸೆರ್ಗೇ ಕೊಬಿಲಾಶ್ ಮತ್ತು ವಿಕ್ಟರ್ ಸೊಕೊಲೊವ್ ಅವರ ಬಂಧನಕ್ಕೆ ವಾರಂಟ್ ಹೊರಡಿಸಿದ್ದು, 2022ರ ಅಕ್ಟೋಬರಿನಿಂದ ಉಕ್ರೇನಿನ ವಿದ್ಯುತ್ ಜಾಲದ ಮೇಲೆ ನಡೆದ ದಾಳಿಗಳಿಗಾಗಿಯೇ. ಜೂನಿನಲ್ಲಿ, ಆ ದಾಳಿಗಳ ಹೊತ್ತಿನಲ್ಲಿ ರಕ್ಷಣಾ ಸಚಿವರಾಗಿದ್ದ ಸೆರ್ಗೇ ಶೋಯ್ಗು ಮತ್ತು ಸೇನಾ ಮುಖ್ಯಸ್ಥರಾಗಿದ್ದ ವಲೇರಿ ಗೆರಾಸಿಮೊವ್ ಅವರ ಹೆಸರೂ ಸೇರಿತು. ಸೇನಾ ಗುರಿಗಳೆನಿಸಬಹುದಾದ ಸ್ಥಾವರಗಳ ವಿಷಯದಲ್ಲೂ ನಾಗರಿಕರಿಗಾಗುವ ಹಾನಿ ಸ್ಪಷ್ಟವಾಗಿ ಮಿತಿಮೀರುವಂತಿತ್ತೆಂದು ನಂಬಲು ಸಕಾರಣವಿದೆ ಎಂದು ನ್ಯಾಯಾಧೀಶರು ಹೇಳಿದರು. ತಾವು ಕೇಳಿದ "ಒಂದೇ ತಂತಿ"ಯ ಪ್ರಶ್ನೆಗೆ ಅಪರಾಧ ನ್ಯಾಯಾಲಯವೊಂದು ಇಷ್ಟು ನೇರವಾಗಿ ಮುಖಾಮುಖಿಯಾದದ್ದು ಅಪರೂಪ. ರಷ್ಯಾ ಆ ನ್ಯಾಯಾಲಯದ ಸದಸ್ಯನಲ್ಲ, ಆ ಅಧಿಕಾರವನ್ನು ಒಪ್ಪುವುದೂ ಇಲ್ಲ. ವಾರಂಟ್ ಇರುವುದು ಆರೋಪಕ್ಕಷ್ಟೇ, ತೀರ್ಪಿಗಲ್ಲ.

ಇನ್ನು ಗುರುತಿನ ವಿಷಯ. ಅಣೆಕಟ್ಟು, ಒಡ್ಡು, ಅಣು ಸ್ಥಾವರಗಳಿಗೆಂದು ಪ್ರೋಟೋಕಾಲ್ ಗೊತ್ತುಮಾಡಿರುವುದು ಒಂದೇ ಗಾತ್ರದ, ಒಂದೇ ಸಾಲಿನ, ಹೊಳೆಯುವ ಕಿತ್ತಳೆ ಬಣ್ಣದ ಮೂರು ವೃತ್ತಗಳು. ವೃತ್ತ ವೃತ್ತಗಳ ನಡುವಿನ ಅಂತರ ಒಂದು ತ್ರಿಜ್ಯದಷ್ಟು. ನಮ್ಮ ಚಿತ್ರದಲ್ಲಿ ವೃತ್ತಗಳು ಒಂದಕ್ಕೊಂದು ತಾಗಿಕೊಂಡಿದ್ದವು, ಅದೂ ತಪ್ಪು. ಗುರುತು ಬಳಿಯದ ಅಣೆಕಟ್ಟಿಗೆ ರಕ್ಷಣೆ ಇಲ್ಲವೇ ಎಂದು ಕೇಳಿದ್ದೀರಿ. ಇದೆ. ಗುರುತು ಹಾಕುವುದು ಐಚ್ಛಿಕ. ಅದು ಇಲ್ಲವೆಂಬ ಕಾರಣಕ್ಕೆ ಯಾವ ದೇಶವೂ ತನ್ನ ಹೊಣೆಯಿಂದ ಕಳಚಿಕೊಳ್ಳುವಂತಿಲ್ಲವೆಂದು 56ನೆಯ ವಿಧಿಯೇ ಹೇಳುತ್ತದೆ. ಎರಡೂ ತಿದ್ದುಪಡಿಗಳನ್ನು ಈ ಸಂಚಿಕೆಯ ಎರಡನೆಯ ಪುಟದಲ್ಲಿ ಪ್ರಕಟಿಸಿದ್ದೇವೆ.

ಸಂಪಾದಕ