ಕ್ಯಾಮೆರಾ ಕಟ್ಟೆ: ಮಂಕಿ ಕ್ಯಾಪ್ ಮೇಲೆ ಬಿದ್ದ ಹಿಮ

ಪ್ರಶ್ನೆ: ಸರ್, ನಾನು ಒಟ್ಟಾವಾದಲ್ಲಿ ಓದುತ್ತಿದ್ದೇನೆ. ಹಿಮದ ಒಂದೊಂದೇ ಹರಳನ್ನು ಹತ್ತಿರದಿಂದ ತೆಗೆಯುವ ಆಸೆ. ಮೊಬೈಲಿನಲ್ಲಿ ತೆಗೆದರೆ ಹತ್ತಿ ಉಂಡೆಯಂತೆ ಬರುತ್ತದೆ. ಅಣ್ಣ ಕೊಟ್ಟ ಹಳೆಯ ಕ್ಯಾನನ್ ಡಿಎಸ್‌ಎಲ್‌ಆರ್, ಅದರ ಜೊತೆ ಬಂದ 18-55 ಲೆನ್ಸ್ ಇದೆ. ಮ್ಯಾಕ್ರೋ ಲೆನ್ಸ್ ಕೊಳ್ಳುವಷ್ಟು ದುಡ್ಡಿಲ್ಲ. ಬೇರೆ ದಾರಿ ಇದೆಯೇ?
— ವಿದ್ಯಾರ್ಥಿನಿ, ಒಟ್ಟಾವಾ

ಇದೆ ತಾಯಿ. (ನನ್ನ ಮಗಳಿಗಿಂತ ಚಿಕ್ಕವಳು, ಏಕವಚನಕ್ಕೆ ಬೇಸರ ಮಾಡಿಕೊಳ್ಳಬೇಡ.) ಮಗಳ ಬಾಣಂತನಕ್ಕೆಂದು ನನ್ನ ಹೆಂಡತಿ ಮಿನಿಯಾಪೊಲಿಸ್‌ಗೆ ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ಬಾಣಂತಿ ಮನೆಯಲ್ಲಿ ಗಂಡಸಿಗೇನು ಕೆಲಸ? ಜನವರಿ ಇಡೀ ಹಿತ್ತಿಲಲ್ಲಿ ಹಿಮದ ಫೋಟೋ ತೆಗೆಯುತ್ತಾ ನಿಂತೆ. ಹಾಸನದಲ್ಲಿ ಮೂವತ್ತು ವರ್ಷ ಸ್ಟುಡಿಯೋ ನಡೆಸಿ ಕಲಿತದ್ದರಲ್ಲಿ ಅರ್ಧ ಅಲ್ಲಿ ಕೆಲಸಕ್ಕೆ ಬಂತು, ಇನ್ನರ್ಧ ಅಡ್ಡ ಬಂತು.

ಮೊದಲು ಲೆನ್ಸಿನ ವಿಚಾರ ಮುಗಿಸುತ್ತೇನೆ. ಸ್ಟುಡಿಯೋದ ಹಳೆಯ ಪೆಂಟಾಕ್ಸ್ ಕೆ1000 ಫಿಲ್ಮ್ ಕ್ಯಾಮೆರಾದ 50 ಎಂ.ಎಂ. ಲೆನ್ಸ್ ಒಯ್ದಿದ್ದೆ. ಅದನ್ನು ಹಿಂದುಮುಂದು ಮಾಡಿ ಅಳಿಯನ ಕ್ಯಾನನ್‌ಗೆ ಕೂರಿಸಿದೆ. ಅದಕ್ಕೆ ಬೇಕಾದದ್ದು ರಿವರ್ಸ್ ರಿಂಗ್ ಎಂಬ ಒಂದು ಬಳೆ. ಪೆಂಟಾಕ್ಸ್‌ನಲ್ಲಿ ಫಿಲ್ಟರ್ ಕೂರುವ ಬಾಯಿ 49 ಎಂ.ಎಂ., ಆ ಅಳತೆಯದನ್ನೇ ಕೇಳಬೇಕು. ಹೀಗೆ ತಿರುಗಿಸಿದ ಲೆನ್ಸು ಹರಳನ್ನು ಸೆನ್ಸಾರ್ (ಹಿಂದೆ ಫಿಲ್ಮ್ ಇರುತ್ತಿದ್ದ ಜಾಗದಲ್ಲಿ ಚಿತ್ರ ಹಿಡಿಯುವ ಬಿಲ್ಲೆ) ಮೇಲೆ ಹೆಚ್ಚುಕಡಿಮೆ ಅದರಷ್ಟೇ ಗಾತ್ರದಲ್ಲಿ ಮೂಡಿಸುತ್ತದೆ. ನಡುವೆ ಗಾಜಿಲ್ಲದ ಟೊಳ್ಳು ಎಕ್ಸ್‌ಟೆನ್ಷನ್ ಟ್ಯೂಬ್ 50 ಎಂ.ಎಂ.ನಷ್ಟು ಸೇರಿಸಿದರೆ ಎರಡರಷ್ಟಾಗುತ್ತದೆ. ಅಂದರೆ 3 ಎಂ.ಎಂ. ಹರಳು, 22 ಎಂ.ಎಂ. ಅಗಲದ ಸೆನ್ಸಾರಿನಲ್ಲಿ 6 ಎಂ.ಎಂ. ಜಾಗ ಹಿಡಿಯುತ್ತದೆ. ಉಳಿದದ್ದನ್ನು ಕತ್ತರಿಸಿ ಹಾಕು, ನಷ್ಟವಿಲ್ಲ.

ನಿನ್ನ 18-55 ಅನ್ನೂ ಹೀಗೆ ತಿರುಗಿಸಬಹುದು, ಆದರೆ ತಿರುಗಿಸಿದ ಮೇಲೆ ಅದರ ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಿಂಡಿ, ಕ್ಯಾಮೆರಾದ ಮಾತು ಕೇಳುವುದಿಲ್ಲ. ಪೂರ್ತಿ ತೆರೆದುಕೊಂಡು ಕೂತರೆ ಹರಳಿನ ಒಂದು ಮೂಲೆ ಮಾತ್ರ ಚೊಕ್ಕ ಬರುತ್ತದೆ. ಅಪರ್ಚರ್ ರಿಂಗ್ ಇರುವ ಹಳೆಯ ಲೆನ್ಸನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ ಆ ರಿಂಗನ್ನು 8ಕ್ಕೆ ಇಟ್ಟುಕೋ.

ಲೆನ್ಸು ನಿನ್ನ ದೊಡ್ಡ ಚಿಂತೆ ಅಲ್ಲವೇ ಅಲ್ಲ. ಬಿಸಿಯೇ ದೊಡ್ಡ ಚಿಂತೆ.

ಮೊದಲ ದಿನ ಕಪ್ಪು ಹಿನ್ನೆಲೆ ಬೇಕಲ್ಲ ಎಂದು ತಲೆಯಲ್ಲಿದ್ದ ಮಂಕಿ ಕ್ಯಾಪನ್ನೇ ತೆಗೆದು ಹಾಸಿದೆ. ಬಿದ್ದ ಹರಳೆಲ್ಲ ನನ್ನ ತಲೆಯ ಕಾವಿಗೆ ನೀರಾಯಿತು. ಮಾರನೆಯ ದಿನ, ರಾತ್ರಿಯಿಡೀ ಹೊರಗಿಟ್ಟಿದ್ದ ಟೋಪಿಯ ಮೇಲೆ ಒಂದು ಹರಳು ಸರಿಯಾಗಿ ಬಂದು ಕೂತಿತು. ಆರು ತೋಳು, ಪ್ರತಿ ತೋಳಿಗೂ ಜರೀಗಿಡದ ಎಲೆಯಂತೆ ಕವಲು. ಅಂಚಿಗೆ ಒಂದು ಚೂರು ಪುಡಿ ಅಂಟಿತ್ತು. ಮೂವತ್ತು ವರ್ಷ ನೆಗೆಟಿವ್ ಮೇಲಿನ ಧೂಳು ಊದಿದ ಬಾಯಿ ನೋಡು, ನನಗೆ ಗೊತ್ತಿಲ್ಲದೆಯೇ ‘ಫೂ’ ಎಂದೆ. ತೋಳುಗಳು ತುದಿಯಿಂದ ಒಳಕ್ಕೆ ಮುದುಡಿಕೊಂಡು, ಉಣ್ಣೆಯ ಎಳೆಯ ಮೇಲೆ ಒಂದು ಹನಿ ನಿಂತಿತು. ಅಂದಿನಿಂದ ನೆಗೆಟಿವ್ ಟಚಿಂಗ್ ಮಾಡುವ ಸಣ್ಣ ಬ್ರಷ್ಷಿನಲ್ಲೇ ಹರಳನ್ನು ಸರಿಸುತ್ತಿದ್ದೆ. ಅದನ್ನೂ ಹೊರಗೇ ಇಡುತ್ತಿದ್ದೆ. ಅಮೆರಿಕದ ವರ್ಮಾಂಟಿನ ಜೆರಿಕೋ ಎಂಬಲ್ಲಿ ರೈತನ ಮಗ ವಿಲ್ಸನ್ ಬೆಂಟ್ಲಿ ಇದೇ ಕೆಲಸಕ್ಕೆ ಹಕ್ಕಿಯ ಗರಿ ಬಳಸುತ್ತಿದ್ದ. 1885ರ ಜನವರಿ 15ರಂದು, 19ನೇ ವಯಸ್ಸಿನಲ್ಲಿ, ಮೈಕ್ರೋಸ್ಕೋಪಿಗೆ ಕ್ಯಾಮೆರಾ ಜೋಡಿಸಿ ಮೊದಲ ಹರಳಿನ ಫೋಟೋ ತೆಗೆದವನು ಸಾಯುವ ಹೊತ್ತಿಗೆ 5000 ದಾಟಿಸಿದ್ದ. ಅವನು ಕೆಲಸ ಮಾಡುತ್ತಿದ್ದ ಕೊಟ್ಟಿಗೆಯಲ್ಲಿ ಒಲೆ ಇರಲಿಲ್ಲ.

ಹಾಗಾಗಿ ಕ್ಯಾಮೆರಾ, ಲೆನ್ಸು, ಟೋಪಿ ಎಲ್ಲವೂ ಅರ್ಧ ಗಂಟೆ ಮೊದಲೇ ಹೊರಗಿರಲಿ. ಬ್ಯಾಟರಿ ಮಾತ್ರ ಒಳಜೇಬಿನಲ್ಲಿರಲಿ, ಚಳಿಗೆ ಅದು ಬೇಗ ಸೋಲುತ್ತದೆ. ವಾಪಸ್ ಒಳಗೆ ತರುವಾಗ ಹೊರಗಿನ ಚಳಿಯಲ್ಲೇ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟು, ಇಲ್ಲವಾದರೆ ಬಿಸಿ ಮನೆಯ ತೇವವೆಲ್ಲ ಲೆನ್ಸಿನ ಮೇಲೆ ಕೂರುತ್ತದೆ. ಹರಳಿಗೂ ಲೆನ್ಸಿಗೂ ಕೆಲವೇ ಸೆಂಟಿಮೀಟರ್ ಅಂತರ, ನಿನ್ನ ಮೂಗೂ ಅಲ್ಲೇ ಇರುತ್ತದೆ. ಉಸಿರು ಬಿಗಿಹಿಡಿದು ಕ್ಲಿಕ್ ಮಾಡು, ಮುಖ ತಿರುಗಿಸಿ ಉಸಿರಾಡು.

ಉಣ್ಣೆಯೇ ಬೇಕು ಎನ್ನುವುದು ಸುಮ್ಮನೆ ಅಲ್ಲ. ಎಳೆಗಳು ಹರಳನ್ನು ಎತ್ತಿ ಹಿಡಿಯುತ್ತವೆ, ಬೆಳಕು ಅಡಿಯಿಂದಲೂ ನುಸುಳುತ್ತದೆ. ಫ್ಲ್ಯಾಷಿಗೆ ಅಲ್ಲಿಯ ಹಾಲಿನ ಕ್ಯಾನಿನ ಮಬ್ಬು ಪ್ಲಾಸ್ಟಿಕ್ ಕತ್ತರಿಸಿ ಅಡ್ಡ ಹಿಡಿದೆ, ಬೆಳಕು ಪಕ್ಕದಿಂದ ಬಿದ್ದಾಗ ಹರಳಿನ ಮೈಮೇಲಿನ ಏಣುಗಳೆಲ್ಲ ಎದ್ದವು. ಫೋಕಸ್ ರಿಂಗ್ ಮುಟ್ಟಬೇಡ. ಮೈಯನ್ನೇ ಕೂದಲೆಳೆಯಷ್ಟು ಮುಂದಕ್ಕೆ ಬಾಗಿಸುತ್ತಾ ಎಂಟು ಹತ್ತು ಫ್ರೇಮ್ ತೆಗೆ. ಒಂದೊಂದರಲ್ಲೂ ಹರಳಿನ ಬೇರೆ ಬೇರೆ ಭಾಗ ಚೊಕ್ಕ ಬರುತ್ತದೆ, ಅವನ್ನು ಕಂಪ್ಯೂಟರಿನಲ್ಲಿ ಒಂದು ಮಾಡು. ಉಚಿತ ತಂತ್ರಾಂಶಗಳೇ ಸಾಕು.

ಸೊನ್ನೆಯ ಆಸುಪಾಸಿನಲ್ಲಿ ಬೀಳುವ ದಪ್ಪ ಹಿಮ ನೋಡಲು ಚೆಂದ, ಫೋಟೋಗೆ ಬೇಡ. ಹತ್ತಾರು ಹರಳು ಅಂಟಿಕೊಂಡ ಮುದ್ದೆ ಅದು. ಮೋಡದಲ್ಲಿ ಮೈನಸ್ 5ರ ಸುತ್ತ ಸೂಜಿಗಳು ಹುಟ್ಟುತ್ತವೆ, ಮೈನಸ್ 15ರ ಸುತ್ತ ನೀನು ಬಯಸುವ ಆರು ತೋಳಿನವು. ಗಾಳಿಯಿಲ್ಲದೆ, ಸಣ್ಣಗೆ, ಪುಡಿಪುಡಿಯಾಗಿ ಉದುರುವ ದಿನ ಕಾಯಿ. ಒಟ್ಟಾವಾದಲ್ಲಿ ಅಂಥ ದಿನಗಳಿಗೆ ಬರವೇ?

ಪ್ರಶ್ನೆ: ಹಿಮ ಬಿಳಿ ಅಲ್ಲವೇ? ಒಂಟಿ ಹರಳಿನ ಫೋಟೋ ಗಾಜಿನಂತೆ ಯಾಕೆ ಕಾಣುತ್ತದೆ?
— ಶಿಕ್ಷಕರು, ತಿಪಟೂರು

ಅದು ಮಂಜುಗಡ್ಡೆಯೇ ತಾನೆ, ಗಾಜಿನಂತೆಯೇ ಇರುತ್ತದೆ. ರಾಶಿ ಬಿದ್ದಾಗ ಸಾವಿರಾರು ಮುಖಗಳು ಬೆಳಕನ್ನು ಚದುರಿಸಿ ಬೆಳ್ಳಗೆ ಕಾಣುತ್ತದೆ. ಕಲ್ಲುಸಕ್ಕರೆಯ ಒಂದು ತುಂಡನ್ನು ಕುಟ್ಟಿ ಮಕ್ಕಳಿಗೆ ತೋರಿಸಿ, ತರಗತಿಯಲ್ಲಿ ಇನ್ನೇನೂ ಹೇಳಬೇಕಾಗಿಲ್ಲ.

ಪ್ರಶ್ನೆ: ಮೇ ತಿಂಗಳಲ್ಲಿ ಸಂಸಾರ ಸಮೇತ ಮನಾಲಿಗೆ ಹೋಗುತ್ತಿದ್ದೇವೆ. ರೋಹ್ತಾಂಗ್‌ನಲ್ಲಿ ಇಂಥ ಫೋಟೋ ಸಿಗಬಹುದೇ?
— ಓದುಗರು, ದಾವಣಗೆರೆ

ಆಗ ನೆಲದ ಮೇಲಿರುವುದು ಹಳೆಯ ಹಿಮ. ಕರಗಿ ಹೆಪ್ಪುಗಟ್ಟಿ, ಮತ್ತೆ ಕರಗಿ ಸಾಬೂದಾನಿಯಂತಾಗಿರುತ್ತದೆ, ತೋಳು ಹುಡುಕಬೇಡಿ. ಮನೆಯವರದೇ ಒಳ್ಳೆಯ ಫೋಟೋ ತೆಗೆಯಿರಿ. ರಿವರ್ಸ್ ರಿಂಗ್ ಆಗಲೇ ತರಿಸಿಟ್ಟಿದ್ದರೆ ಡಬ್ಬದ ಸಕ್ಕರೆಯ ಮೇಲೆ ಕೈ ಪಳಗಿಸಿಕೊಳ್ಳಿ. ಅದಕ್ಕೆ ಉಸಿರು ಬಿಗಿಹಿಡಿಯಬೇಕಿಲ್ಲ, ಇರುವೆ ಬಂದರೆ ಅದೂ ಫ್ರೇಮಿಗೆ ಸೇರಲಿ.