ಕಚ್ಚದ ವ್ಯಾಂಪೈರ್‌ಗಳ ಬಗ್ಗೆ ಬರೆಯಿರಿ

ಪ್ರಿಯ ಮಿತ್ರರೇ,

ಮುಳ್ಳೇರಿಯದಿಂದ ನೀವು ಕಳಿಸಿದ ‘ಅಂಡರ್‌ವರ್ಲ್ಡ್: ಕತ್ತಲಲೋಕದ ದೃಶ್ಯಕಾವ್ಯ’ ಓದಿದೆ. ಈಗಿರುವ ಹಾಗೆ ಈ ಲೇಖನವನ್ನು ಪ್ರಕಟಿಸಲಿಕ್ಕೆ ಆಗುವುದಿಲ್ಲ. ಚಿತ್ರ ಹಳೆಯದು ಎಂಬ ಕಾರಣಕ್ಕಲ್ಲ. ‘ಅಂಡರ್‌ವರ್ಲ್ಡ್’ ಎಂಬ 2003ರ ಹಾಲಿವುಡ್ ವ್ಯಾಂಪೈರ್ ಸಿನಿಮಾದ ಬಗ್ಗೆ ಈಗ ಬರೆದರೆ ತಪ್ಪೇನೂ ಇಲ್ಲ. ತೊಂದರೆ ಬೇರೆ. ಆರು ಪುಟಗಳಲ್ಲಿ ನಾಲ್ಕು ಪುಟ ಕಥೆ ಹೇಳಿದ್ದೀರಿ, ಉಳಿದ ಎರಡರಲ್ಲಿ ಹೊಗಳಿದ್ದೀರಿ. ನೀವು ಸ್ವತಃ ಕಂಡದ್ದು ಅಂತ ಇರುವುದು ಒಂದೇ ವಾಕ್ಯ. ಅದೂ ಐದನೇ ಪುಟದಲ್ಲಿ, ಆವರಣದೊಳಗೆ ಅಡಗಿ ಕೂತಿದೆ: ‘ಅಂದಹಾಗೆ ಈ ವ್ಯಾಂಪೈರ್‌ಗಳು ಹಸಿವಾಯಿತು ಅಂತ ಯಾರನ್ನೂ ಕಚ್ಚುವುದು ಕಾಣುವುದಿಲ್ಲ, ಬರೀ ಗುಂಡು ಹೊಡೆಯುತ್ತಾರೆ.’

ನಿಮ್ಮ ಲೇಖನ ಇದೇ. ಆವರಣ ತೆಗೆದು ಇದನ್ನು ಮೊದಲ ಸಾಲು ಮಾಡಿ.

ಯಾಕೆ ಅಂತ ಹೇಳುತ್ತೇನೆ. ವ್ಯಾಂಪೈರ್ ಸಿನಿಮಾ ಅಂದರೆ ಹೆದರುವವನೊಬ್ಬ ಬೇಕು. ಕಿಟಕಿ ತೆರೆದಿಟ್ಟು ಮಲಗಿದವನೋ, ರಾತ್ರಿ ಒಂಟಿಯಾಗಿ ನಡೆಯುವವನೋ, ಯಾರಾದರೊಬ್ಬ. ಈ ಚಿತ್ರದಲ್ಲಿ ಅಂಥವನು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮನುಷ್ಯ ಅಂತ ನಮಗೆ ಹತ್ತಿರದಿಂದ ಸಿಗುವವನು ಮೈಕಲ್ ಕಾರ್ವಿನ್ ಎಂಬ ಯುವ ವೈದ್ಯ ಒಬ್ಬನೇ. ಅವನೂ ಸ್ವಲ್ಪ ಹೊತ್ತಿನಲ್ಲೇ ಮನುಷ್ಯರ ಪಟ್ಟಿಯಿಂದ ಹೊರಗೆ ಬೀಳುತ್ತಾನೆ. ಊರಿನ ಉಳಿದವರಿಗೆ ತಮ್ಮ ಕಾಲಡಿಯಲ್ಲಿ ವ್ಯಾಂಪೈರ್‌ಗಳಿಗೂ ಲೈಕನ್‌ಗಳೆಂಬ ತೋಳಮಾನವರಿಗೂ ನೂರಾರು ವರ್ಷದ ಯುದ್ಧ ನಡೆಯುತ್ತಿದೆ ಎಂಬುದೇ ಗೊತ್ತಿಲ್ಲ. ಹಾಗಾದರೆ ಪ್ರೇಕ್ಷಕ ಯಾರ ಪರವಾಗಿ ಹೆದರಬೇಕು? ನೀವು ‘ಮೈ ಜುಂ ಎನ್ನಿಸುವ ಭೀಕರ ಹಾರರ್’ ಅಂತ ಬರೆದಿದ್ದೀರಿ. ನಿಜ ಹೇಳಿ, ಎಲ್ಲಿ ಹೆದರಿದಿರಿ? ನೀವು ಕಂಡುಹಿಡಿದದ್ದು ಅದರ ಉಲ್ಟಾ. ಇದು ಹಾರರ್ ವೇಷ ಹಾಕಿದ ಆಕ್ಷನ್ ಚಿತ್ರ. ಅದನ್ನು ಧೈರ್ಯವಾಗಿ ಹೇಳಿದರೆ ಓದುಗ ಜಗಳಕ್ಕೆ ಬರುತ್ತಾನೆ. ಜಗಳಕ್ಕೆ ಬಂದವನು ಕೊನೆಯವರೆಗೂ ಓದುತ್ತಾನೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಕಚ್ಚುವುದು ಚಿತ್ರದಲ್ಲಿ ಇದೆಯಲ್ಲ. ಲೈಕನ್‌ಗಳ ನಾಯಕ ಲೂಸಿಯನ್ ಮೈಕಲ್‌ನನ್ನು ಕಚ್ಚುತ್ತಾನೆ. ಕೊನೆಯ ಭಾಗದಲ್ಲಿ ಇನ್ನೊಂದು ಸಲ ಬರುತ್ತದೆ, ಅದು ಯಾರದ್ದು ಅಂತ ಇಲ್ಲಿ ಹೇಳುವುದಿಲ್ಲ. ಎರಡೂ ಊಟಕ್ಕಲ್ಲ. ಕಚ್ಚಿಸಿಕೊಂಡ ಮೇಲೆ ಮೈಕಲ್‌ಗೆ ಲೂಸಿಯನ್‌ನ ನೆನಪುಗಳು ಕಾಣತೊಡಗುತ್ತವೆ. ನಾಯಕಿ, ವ್ಯಾಂಪೈರ್ ಸೆಲೀನ್ ತನ್ನ ರಕ್ತ ಕೊಟ್ಟು, ದೀರ್ಘ ನಿದ್ರೆಯಲ್ಲಿದ್ದ ವ್ಯಾಂಪೈರ್ ಹಿರಿಯ ವಿಕ್ಟರ್‌ನನ್ನು ಎಬ್ಬಿಸುವಾಗ ಅವಳ ನೆನಪೂ ಜೊತೆಗೆ ಹೋಗುತ್ತದೆ. ಅಂದರೆ ಇಲ್ಲಿ ರಕ್ತ ಅಂದರೆ ನೆನಪು, ವಂಶ. ಯಾರ ರಕ್ತಕ್ಕೆ ಯಾರ ರಕ್ತ ಸೇರಬಹುದು, ಯಾರದ್ದು ಸೇರಬಾರದು ಎಂಬುದರ ಮೇಲೇ ಇಡೀ ಜಗಳ. ಕಥೆ ಕಟ್ಟಿದವರಲ್ಲಿ ಒಬ್ಬರಾದ ಕೆವಿನ್ ಗ್ರೆವಿಯೊ ಕಪ್ಪು ಜನಾಂಗದವರು, ಮೈಕ್ರೋಬಯಾಲಜಿ ಓದಿದವರು. ಬೇರೆ ಬೇರೆ ಜನಾಂಗದ ಇಬ್ಬರು ಪ್ರೀತಿಸಿದಾಗ ಸುತ್ತಲಿನವರು ನೋಡುವ ರೀತಿಯಿಂದ ಈ ಕಥೆ ಹುಟ್ಟಿತು ಅಂತ ಅವರೇ ಹೇಳಿಕೊಂಡಿದ್ದಾರೆ. ರೇಝ್ ಎಂಬ ಆ ದೈತ್ಯ ಲೈಕನ್ ಇದ್ದಾನಲ್ಲ, ಗುಡುಗಿನಂಥ ಗಂಟಲಿನವನು, ಅದೂ ಇವರೇ. ನಿಮ್ಮ ಲೇಖನದಲ್ಲಿ ಇವರ ಹೆಸರೇ ಇಲ್ಲ. ಸೆಲೀನ್ ಪಾತ್ರದ ಕೇಟ್ ಬೆಕಿನ್‌ಸೇಲ್ ಅವರ ಕಣ್ಣಿನ ಬಣ್ಣಕ್ಕೆ ಮಾತ್ರ ಒಂದು ಪ್ಯಾರಾ ಇದೆ.

ಈಗ ‘ಸ್ಟೈಲಿಶ್’ ವಿಷಯ. ಆ ಮಾತನ್ನು ಪುಟಪುಟದಲ್ಲೂ ಹಾಕಿದ್ದೀರಿ, ಆದರೆ ಸ್ಟೈಲ್ ಯಾವುದರಿಂದ ಆಗಿದೆ ಅಂತ ಒಮ್ಮೆಯೂ ಹೇಳಿಲ್ಲ. ನೋಡಿ: ಚಿತ್ರವಿಡೀ ನೀಲಿ. ಹಗಲು ಇಲ್ಲವೆಂದೇ ಹೇಳಬೇಕು. ಮೊದಲ ದೃಶ್ಯದಲ್ಲೇ ಮಳೆ, ಎತ್ತರದ ಕಟ್ಟಡದ ಅಂಚಿನಲ್ಲಿ ಕೂತ ಸೆಲೀನ್. ಅಲ್ಲಿಂದ ಕೆಳಗೆ ಹಾರಿ, ಮೆಟ್ಟಿಲು ಇಳಿದು ಬಂದವಳ ಹಾಗೆ ನಡೆದುಕೊಂಡು ಹೋಗುತ್ತಾಳೆ. ಇನ್ನೊಂದು ಕಡೆ ತಪ್ಪಿಸಿಕೊಳ್ಳಲು ದಾರಿ ಇಲ್ಲದಾಗ ತನ್ನ ಸುತ್ತ ನೆಲಕ್ಕೇ ಗುಂಡು ಹೊಡೆದು, ನೆಲದ ತುಂಡಿನ ಸಮೇತ ಕೆಳಗಿನ ಅಂತಸ್ತಿಗೆ ಬೀಳುತ್ತಾಳೆ. ಈ ದೃಶ್ಯವನ್ನು ನೀವು ‘ವರ್ಣನಾತೀತ’ ಅಂದಿದ್ದೀರಿ. ವರ್ಣಿಸುವುದೇ ನಿಮ್ಮ ಕೆಲಸ ಅಲ್ವಾ?

ನಿರ್ದೇಶಕ ಲೆನ್ ವೈಸ್‌ಮನ್‌ಗೆ ಇದು ಮೊದಲ ಚಿತ್ರ. ಅದಕ್ಕೆ ಮೊದಲು ಅವರು ದೊಡ್ಡ ಚಿತ್ರಗಳ ಪ್ರಾಪ್ಸ್, ಅಂದರೆ ದೃಶ್ಯದಲ್ಲಿ ಬಳಸುವ ವಸ್ತುಗಳ ವಿಭಾಗದಲ್ಲಿ ಕೆಲಸ ಮಾಡಿದವರು. ಅದು ತಿಳಿದ ಮೇಲೆ ಬಂದೂಕುಗಳನ್ನೂ ಗುಂಡುಗಳನ್ನೂ ಕ್ಯಾಮೆರಾ ಅಷ್ಟು ಪ್ರೀತಿಯಿಂದ ಯಾಕೆ ನೋಡುತ್ತದೆ ಅಂತ ಅರ್ಥವಾಗುತ್ತದೆ. ಲೈಕನ್‌ಗಳ ಗುಂಡಿನೊಳಗೆ ನೇರಳಾತೀತ ಬೆಳಕು ಸೂಸುವ ದ್ರವ, ಅಂದರೆ ಸೂರ್ಯನನ್ನೇ ವ್ಯಾಂಪೈರ್ ಮೈಯೊಳಗೆ ಇಳಿಸುವ ಉಪಾಯ. ಅದಕ್ಕೆ ಉತ್ತರವಾಗಿ ವ್ಯಾಂಪೈರ್‌ಗಳದ್ದು ಸಿಲ್ವರ್ ನೈಟ್ರೇಟ್, ತೋಳಗಳನ್ನು ಕೊಲ್ಲುವ ಬೆಳ್ಳಿಯ ದ್ರವ. ಗಟ್ಟಿ ಬೆಳ್ಳಿಯ ಗುಂಡನ್ನಾದರೆ ಅಗೆದು ತೆಗೆಯಬಹುದು. ದ್ರವ ರಕ್ತಕ್ಕೆ ಸೇರಿದ ಮೇಲೆ ಯಾರು ತೆಗೆಯುತ್ತಾರೆ? ಶಿಲುಬೆ, ಬೆಳ್ಳುಳ್ಳಿಗಳ ಜಾಗಕ್ಕೆ ಲ್ಯಾಬ್ ಬಂದು ಕೂತಿದೆ. ಸುಮಾರು 2.2 ಕೋಟಿ ಡಾಲರ್‌ನಲ್ಲಿ ಮುಗಿಸಿದ ಚಿತ್ರ ಇದು, ಹಾಲಿವುಡ್ ಲೆಕ್ಕದಲ್ಲಿ ದೊಡ್ಡ ಮೊತ್ತವಲ್ಲ. ಗಳಿಸಿದ್ದು 9.5 ಕೋಟಿಯ ಹತ್ತಿರ. ಆ ಕತ್ತಲೆ, ಮಳೆ, ನೀಲಿ ಬಣ್ಣ ಸುಮ್ನೆ ಚಂದಕ್ಕೆ ಮಾತ್ರ ಬಂದದ್ದಲ್ಲ, ವೇಷದ ಹೊಲಿಗೆ ಕಾಣದ ಹಾಗೆಯೂ ಮಾಡುತ್ತವೆ ಅಂತ ನನ್ನ ಅನಿಸಿಕೆ.

ವೇಷ ಅಂದೆ. ‘ತೋಳಗಳ ಗ್ರಾಫಿಕ್ಸ್ ಅದ್ಭುತ’ ಎಂಬ ನಿಮ್ಮ ಸಾಲನ್ನು ಹೊಡೆದು ಹಾಕಿದ್ದೇನೆ. ಆ ತೋಳಗಳಲ್ಲಿ ಬಹಳಷ್ಟು ಕಂಪ್ಯೂಟರಿನಲ್ಲಿ ಹುಟ್ಟಿದವಲ್ಲ. ಪ್ಯಾಟ್ರಿಕ್ ಟಾಟೊಪೊಲಸ್ ವಿನ್ಯಾಸ ಮಾಡಿದ ವೇಷದೊಳಗೆ ನಿಜವಾದ ಮನುಷ್ಯರು ನಿಂತು ಕುಣಿದದ್ದು. ಇದನ್ನು ಬೆಂಗಳೂರಿನವರಿಗಿಂತ ನೀವು ಚೆನ್ನಾಗಿ ಬರೆಯಬಲ್ಲಿರಿ. ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ಸೀಮೆಯವರು ನೀವು. ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣದ ಕೋಣೆಯಲ್ಲಿ, ಬಣ್ಣದ ವೇಷದವರು ಕನ್ನಡಿ ಹಿಡಿದು ಗಂಟೆಗಟ್ಟಲೆ ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ ಇಡುವುದನ್ನು ನೋಡಿರುತ್ತೀರಿ. ಎದುರಿಗೇ ಬಣ್ಣ ಹಚ್ಚಿಕೊಂಡ ಪರಿಚಯದ ಮನುಷ್ಯನೇ ಅಂತ ಗೊತ್ತಿದ್ದರೂ, ಮಹಿಷಾಸುರ ದೊಂದಿ ಬೆಳಕಿನಲ್ಲಿ ಸಭೆಯ ನಡುವಿನಿಂದ ಆರ್ಭಟಿಸುತ್ತಾ ಬರುವಾಗ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ. ವೇಷ ಅಂತ ಗೊತ್ತಿದ್ದೂ ಯಾಕೆ ನಡುಗುತ್ತೇವೆ? ಈ ಚಿತ್ರದಲ್ಲಿ ಯಾಕೆ ಅಷ್ಟು ನಡುಗುವುದಿಲ್ಲ? ಒಂದು ಪ್ಯಾರಾ ಸಾಕು, ಆದರೆ ನಿಮ್ಮದೇ ಆಗಿರಲಿ.

ಅದರ ಬದಲು ನೀವು ಹಿಡಿದ ಹೋಲಿಕೆ ನನಗೆ ಸರಿ ಕಾಣಲಿಲ್ಲ. ತುಳುನಾಡಿನ ದೈವಗಳಾದ ಗುಳಿಗನನ್ನೂ ರಕ್ತೇಶ್ವರಿಯನ್ನೂ ತಂದು ‘ನಮ್ಮ ನೆಲದ ವ್ಯಾಂಪೈರ್‌ಗಳು’ ಅಂದಿದ್ದೀರಿ. ಹೆಸರಿನಲ್ಲಿ ರಕ್ತ ಇದ್ದರೆ ಆಯಿತೇ? ದೈವ ಕೋಲಕ್ಕೆ ಬಂದು ಊರಿನ ತಕರಾರು ಕೇಳುತ್ತದೆ, ನುಡಿ ಕೊಡುತ್ತದೆ, ಕುಟುಂಬದ ಹೊಣೆ ಹೊರುತ್ತದೆ. ನಂಬಿದವರು ಎದುರು ನಿಂತು ಅದನ್ನೇ ಪ್ರಶ್ನೆ ಕೇಳುತ್ತಾರೆ. ಬಂಗಲೆಯಲ್ಲಿ ಪಾರ್ಟಿ ಮಾಡುತ್ತಾ ಕೂತ ಚಿತ್ರದ ಆ ಶ್ರೀಮಂತ ವ್ಯಾಂಪೈರ್‌ಗಳಿಗೂ ಇದಕ್ಕೂ ಏನು ಸಂಬಂಧ? ನಂಬುವವರಿಗೆ ನೋವಾಗುತ್ತದೆ ಎಂಬುದು ಒಂದು, ಹೋಲಿಕೆಯೇ ತಪ್ಪು ಎಂಬುದು ಇನ್ನೊಂದು. ತೆಗೆಯಿರಿ.

ಕೊನೆಯ ಪ್ಯಾರಾ ಅದಕ್ಕಿಂತ ಕಷ್ಟ. ಎರಡೂ ಕುಲಗಳು ಕಾರ್ವಿನಸ್ ಎಂಬ ಒಬ್ಬನೇ ಪೂರ್ವಜನಿಂದ ಬಂದವು ಎಂಬ ಎಳೆ ಹಿಡಿದು, ಗಡಿನಾಡಿನ ಕನ್ನಡ–ಮಲಯಾಳ ವಿಚಾರಕ್ಕೆ ಹಾರಿದ್ದೀರಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಬರಲಿ ಅಂತ ಮಹಾಜನ ಆಯೋಗ ಹೇಳಿದ್ದು, ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಹೋರಾಟ, ಎಲ್ಲವೂ ಐದೇ ಸಾಲಿನಲ್ಲಿ. ಅದಕ್ಕೇ ಬೇರೆ ಲೇಖನ ಬೇಕು. ಮತ್ತೆ ಒಂದು ಸಣ್ಣ ಪ್ರಶ್ನೆ: ಇದರಲ್ಲಿ ವ್ಯಾಂಪೈರ್ ಯಾರು, ತೋಳ ಯಾರು? ನೀವು ಹೇಳಿಲ್ಲ, ಜಾಣತನ ಮಾಡಿದ್ದೀರಿ. ಹೇಳಿದರೆ ನಾಳೆ ಬೆಳಿಗ್ಗೆ ಮೀನು ಮಾರ್ಕೆಟ್ಟಿಗೆ ನೀವೂ ನಾನೂ ಹೋಗುವ ಹಾಗಿಲ್ಲ.

ತಪ್ಪುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಚಿತ್ರೀಕರಣ ಮುಖ್ಯವಾಗಿ ಬುಡಾಪೆಸ್ಟ್‌ನಲ್ಲಿ, ನೀವು ಬರೆದ ಹಾಗೆ ಲಂಡನ್ನಿನಲ್ಲಿ ಅಲ್ಲ. ಕಾದಂಬರಿ ಆಧರಿಸಿದ್ದಲ್ಲ. ಚಿತ್ರಕಥೆ ಬರೆದ ಡ್ಯಾನಿ ಮೆಕ್‌ಬ್ರೈಡ್ ಬೇರೆ, ಅದೇ ಹೆಸರಿನ ಹಾಸ್ಯನಟ ಬೇರೆ. ನೀವು ನಟನ ಚಿತ್ರಗಳನ್ನೆಲ್ಲ ಇವರ ತಲೆಗೆ ಕಟ್ಟಿದ್ದೀರಿ. ಹುಣ್ಣಿಮೆಯಲ್ಲಿ ಮಾತ್ರ ತೋಳವಾಗುತ್ತಾರೆ ಅಂದಿದ್ದೀರಿ. ಹಳೆಯ ಲೈಕನ್‌ಗಳು ಬೇಕೆಂದಾಗ ಆಗಬಲ್ಲರು. ‘ಸಂಪೂರ್ಣ ಸ್ವಂತ ಕಲ್ಪನೆ’ ಎಂಬ ಮಾತನ್ನೂ ಸ್ವಲ್ಪ ತಗ್ಗಿಸಿ. ತಮ್ಮ ಆಟದ ಲೋಕವನ್ನು ನಕಲು ಮಾಡಿದ್ದಾರೆ ಅಂತ ವೈಟ್ ವುಲ್ಫ್ ಎಂಬ ಗೇಮ್ ಕಂಪನಿ 2003ರಲ್ಲೇ ಕೋರ್ಟಿಗೆ ಹೋಗಿತ್ತು. ಅದು ರಾಜಿಯಲ್ಲಿ ಮುಗಿಯಿತು. ಸೆಲೀನ್‌ಳ ಕುಟುಂಬವನ್ನು ಕೊಂದವರು ಯಾರು ಎಂಬ ಗುಟ್ಟನ್ನು ಎರಡನೇ ಪ್ಯಾರಾದಲ್ಲೇ ಬಿಟ್ಟುಕೊಟ್ಟಿದ್ದೀರಿ. ಅದನ್ನು ದಯವಿಟ್ಟು ಮುಚ್ಚಿಡಿ. ನೋಡದವರು ಇನ್ನೂ ಇದ್ದಾರೆ.

2016ರವರೆಗೆ ಬಂದ ಉಳಿದ ನಾಲ್ಕು ಭಾಗಗಳ ಸುದ್ದಿ ಈ ಲೇಖನಕ್ಕೆ ಬೇಡ. ಮೊದಲನೆಯದು ಸಾಕು. ಇನ್ನೊಮ್ಮೆ ನೋಡಿ, ಈ ಸಲ ಸಬ್‌ಟೈಟಲ್ ಬಂದ್ ಮಾಡಿ, ಕೈಯಲ್ಲಿ ಪೆನ್ನು ಹಿಡಿದು. ಯಾರು ಯಾರನ್ನು ಯಾಕೆ ಕಚ್ಚಿದರು ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳಿ. ಎಂಟುನೂರು ಪದ ಮೀರಬೇಡಿ. ಮುಂದಿನ ತಿಂಗಳ ಹತ್ತನೇ ತಾರೀಕಿನೊಳಗೆ ಬಂದರೆ ಜಾಗ ಇದೆ. ಯೂನಿಕೋಡ್‌ನಲ್ಲೇ ಕಳಿಸಿ. ಈ ಸಲ ನಿಮ್ಮ ಒತ್ತಕ್ಷರಗಳೆಲ್ಲ ಒಡೆದು ಬಂದಿದ್ದವು, ‘ರಕ್ತ’ ಬಂದಲ್ಲೆಲ್ಲ ಊಹಿಸಿ ಓದಬೇಕಾಯಿತು.